ತೊಡೆಯ ಮೇಲಿನ ವಿಮಾನ

ಮನೆಯವರೆಲ್ಲ ದೀಪ ಆರಿಸಿ ಮಲಗಿದ ಮೇಲೂ ಕೆಲವು ಮನೆಗಳಲ್ಲಿ ಒಂದು ಟ್ಯಾಬ್ಲೆಟ್ ಮಾತ್ರ ಚಾರ್ಜರಿಗೆ ಅಂಟಿಕೊಂಡು ಎಚ್ಚರವಾಗಿರುತ್ತದೆ. ಅದರ ಪರದೆಯ ಮೇಲೆ ಒಂದು ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಬೆಂಗಳೂರಿನ ಕಡೆ ಹೊರಟಿದೆ. ಎಲ್ಲರೂ ಒಂದೇ ಆಕಾಶ ಹಂಚಿಕೊಂಡು ಹಾರುವ ಆಟವಾದ್ದರಿಂದ ಗಡಿಯಾರವನ್ನು ಮುಂದಕ್ಕೆ ಓಡಿಸುವ ಹಾಗಿಲ್ಲ. ನಿಜವಾದ ವಿಮಾನಕ್ಕೆ ಹದಿನಾರು ಹದಿನೇಳು ಗಂಟೆ ಹಿಡಿದರೆ ಇದಕ್ಕೂ ಅಷ್ಟೇ ಹಿಡಿಯುತ್ತದೆ. ಆಟೊಪೈಲಟ್‌ಗೆ ದಾರಿ ಹೇಳಿಕೊಟ್ಟು ಕ್ಯಾಪ್ಟನ್ ಸಾಹೇಬರು ಕಂಬಳಿ ಹೊದ್ದಿದ್ದಾರೆ. ಬೆಳಿಗ್ಗೆ ಎದ್ದವರು ಮುಖ ತೊಳೆಯುವುದಕ್ಕೂ ಮೊದಲು ಇಂಧನ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. “ಎಲ್ಲಿಗೆ ಬಂತಪ್ಪಾ ನಿನ್ನ ವಿಮಾನ?” ಎಂದು ಅಡುಗೆಮನೆಯಿಂದ ಅಮ್ಮ ಕೇಳಿದರೆ, ಉತ್ತರ ಅಷ್ಟೇ ಗಂಭೀರವಾಗಿ ಬರುತ್ತದೆ: “ಧ್ರುವ ದಾಟಿತು.”

ದಾರಿ ಕಟ್ಟುಕಥೆಯದಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ಸಂಚಾರ ಶುರುಮಾಡಿದಾಗ, ಮೊದಲ ವಿಮಾನದ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಣ್ಣುಮಕ್ಕಳೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಅವರು ಉತ್ತರ ಧ್ರುವದ ಮೇಲೆ ಹಾಯ್ದು ದೇವನಹಳ್ಳಿಯಲ್ಲಿ ಇಳಿದರು. ಅಂಥ ಸುದ್ದಿ ಕಿವಿಗೆ ಬಿದ್ದರೆ ಅದೇ ದಾರಿ, ಅದೇ ವಿಮಾನ, ಸಾಧ್ಯವಾದರೆ ಅದೇ ಹೊರಡುವ ಸಮಯ ಹಿಡಿದು ತಾವೂ ಹೊರಡುವುದು ಈ ಹವ್ಯಾಸಿಗಳ ಚಾಳಿ. ಹೊರಗಿನವರಿಗೆ ಇದು ಹುಚ್ಚು. ಕಿಟಕಿ ಪಕ್ಕದ ಸೀಟಿಗಾಗಿ ಹೆಚ್ಚು ದುಡ್ಡು ಕೊಟ್ಟವರಿಗೆ ಇದರ ರುಚಿ ಸ್ವಲ್ಪ ಅರ್ಥವಾದೀತು.

ವಿಮಾನ ಹಾರಿಸುವ ಇಂಥ ಸಿಮ್ಯುಲೇಟರ್ ಆಪ್ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಮನೆಮನೆಯಲ್ಲೂ ಬೇರೆ ಬೇರೆ ದಾರಿಯಲ್ಲಿ ಬರುತ್ತದೆ. ಪಿಯುಸಿ ಓದುವ ಮಗಳು ಪೈಲಟ್ ಆಗುತ್ತೇನೆ ಎಂದಿದ್ದಾಳೆ. ಅಪ್ಪ ಏನಾದರೂ ಕೊಡಿಸಬೇಕು. ನಿವೃತ್ತರಾದ ಮಾವನಿಗೆ ಮಧ್ಯಾಹ್ನಗಳು ಉದ್ದವಾಗಿವೆ. ಇನ್ನೊಬ್ಬರ ಮನಸ್ಸಿನಲ್ಲಿ, ವಿಮಾನದಲ್ಲಿ ಪೈಲಟ್ ತಲೆಸುತ್ತಿ ಬಿದ್ದರೆ ತಾವೇ ಮುಂದೆ ಹೋಗಿ ನೂರಾರು ಜನರ ಪ್ರಾಣ ಉಳಿಸುವ ದೃಶ್ಯ ಒಂದು ಇಪ್ಪತ್ತು ವರ್ಷದಿಂದ ಓಡುತ್ತಿದೆ. ಮೂವರಿಗೂ ಅಂಗಡಿಯಲ್ಲಿ ಸಿಗುವುದು ಒಂದೇ ಆಪ್. ಮೂವರ ಕೈಗೂ ಸೇರುವುದು ಬೇರೆ ಬೇರೆ ಸರಕು.

“ಇದು ಆಟಿಕೆಯೋ, ಉಪಕರಣವೋ?” ಎಂದು ಕೇಳುವುದು ವಾಡಿಕೆ. ಆ ಗೊಂದಲ ಸಿಮ್ಯುಲೇಟರ್ ಹುಟ್ಟಿದ ದಿನದಿಂದಲೇ ಇದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್ ಎಂಬ ಯುವಕನ ತಂದೆಗೆ ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಮಗನಿಗೆ ಹಾರುವ ಹುಚ್ಚು. ಹಾರಾಟದ ಪಾಠವೋ ಕೈಗೆಟುಕದಷ್ಟು ದುಬಾರಿ. ನಮ್ಮ ಹಾರ್ಮೋನಿಯಂನಲ್ಲಿರುವಂಥ ತಿದಿ, ಗಾಳಿ ಎಳೆಯುವ ಪಂಪು, ಕವಾಟಗಳು ಕಾರ್ಖಾನೆಯಲ್ಲಿ ಬೇಕಾದಷ್ಟಿದ್ದವು. ಅವನ್ನೇ ಜೋಡಿಸಿ, ಮೋಟು ರೆಕ್ಕೆಯ ಮರದ ಪೆಟ್ಟಿಗೆಯೊಂದನ್ನು 1929ರಲ್ಲಿ ಅವನು ನಿಲ್ಲಿಸಿದ. ಒಳಗೆ ಕೂತು ಕಡ್ಡಿ ಎಳೆದರೆ ಪೆಟ್ಟಿಗೆ ಮೂಗೆತ್ತುತ್ತಿತ್ತು, ಬಾಗುತ್ತಿತ್ತು, ತಿರುಗುತ್ತಿತ್ತು. ಹಾರಾಟದ ಶಾಲೆಗಳು ಮೂಗು ಮುರಿದವು. ಕೊಂಡವರು ಯಾರು? ಮನರಂಜನಾ ಪಾರ್ಕಿನವರು. ನಾಣ್ಯ ಹಾಕಿ ಕೂತು ತೂಗಾಡುವ ಜಾತ್ರೆಯ ಆಟವಾಗಿ ಅದು ಕೆಲವು ವರ್ಷ ಬದುಕಿತು.

1934ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ವಿಮಾನದಲ್ಲಿ ಅಂಚೆ ಸಾಗಿಸುವ ಖಾಸಗಿ ಗುತ್ತಿಗೆ ರದ್ದುಮಾಡಿ ಆ ಕೆಲಸವನ್ನು ಸೈನ್ಯದ ಪೈಲಟ್‌ಗಳಿಗೆ ವಹಿಸಿದರು. ಚಳಿಗಾಲ, ಮೋಡ, ಕತ್ತಲು. ಹೊರಗಿನದೇನೂ ಕಾಣದೆ ಬರೀ ಮಾಪಕ ನೋಡಿ ಹಾರುವ ಅಭ್ಯಾಸ ಅವರಿಗಿರಲಿಲ್ಲ. ಕೆಲವೇ ವಾರಗಳಲ್ಲಿ ಹಲವರು ಸತ್ತರು. ಆಗ ಸೈನ್ಯಕ್ಕೆ ಲಿಂಕ್‌ನ ಪೆಟ್ಟಿಗೆ ನೆನಪಾಯಿತು. ನ್ಯೂವಾರ್ಕ್‌ನಲ್ಲಿ ಅವನಿಗಾಗಿ ಕಾದಿದ್ದ ಅಧಿಕಾರಿಗಳು, ಇಂಥ ಮಂಜಿನಲ್ಲಿ ಯಾರೂ ಬರಲಾರರೆಂದು ಏಳುವುದರಲ್ಲಿದ್ದರಂತೆ. ಅಷ್ಟರಲ್ಲಿ ಲಿಂಕ್ ಆ ಮಂಜಿನೊಳಗಿನಿಂದಲೇ ಬಂದು ವಿಮಾನ ಇಳಿಸಿದ. ಅದಕ್ಕಿಂತ ದೊಡ್ಡ ಜಾಹೀರಾತು ಬೇಕೆ? ಸೈನ್ಯ ಆರು ಪೆಟ್ಟಿಗೆ ಕೊಂಡಿತು, ಒಂದಕ್ಕೆ 3,500 ಡಾಲರ್. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ವೈಮಾನಿಕರು ಅದರಲ್ಲಿ ಕೂತೆದ್ದರು. ಪೆಟ್ಟಿಗೆಯ ಒಳಗಿನ ತತ್ವ ಪಾರ್ಕಿನಲ್ಲಿದ್ದಾಗ ಏನಿತ್ತೋ ಸೈನ್ಯದಲ್ಲೂ ಅದೇ. ಬದಲಾದದ್ದು ಒಳಗೆ ಕೂತವನು ಏನು ಕಲಿಯಲೆಂದು ಕೂತಿದ್ದ ಎಂಬುದು.

ಟ್ಯಾಬ್ಲೆಟ್‌ನ ಸಿಮ್ಯುಲೇಟರ್‌ಗೂ ಇದೇ ಅಳತೆಗೋಲು ಹಿಡಿಯಬೇಕು.

ಅಂಗಡಿಯಲ್ಲಿ ಹೆಸರು ಮಾಡಿದವು ಬೆರಳೆಣಿಕೆಯಷ್ಟು. ಎಲ್ಲಕ್ಕಿಂತ ಹಳೆಯ ಮನೆತನದ್ದು ಎಕ್ಸ್-ಪ್ಲೇನ್. ದಕ್ಷಿಣ ಕ್ಯಾರೊಲೈನಾದ ಆಸ್ಟಿನ್ ಮೆಯರ್ 1995ರಲ್ಲಿ ಕಂಪ್ಯೂಟರಿಗಾಗಿ ತಂದ ಇದು, ಆಪ್ ಅಂಗಡಿ ತೆರೆದ 2008ರಲ್ಲೇ ಐಫೋನಿಗೂ ಇಳಿಯಿತು. ಇದರ ಒಳಗುಟ್ಟು ಸ್ವಾರಸ್ಯದ್ದು. ಎಷ್ಟೋ ಸಿಮ್ಯುಲೇಟರ್‌ಗಳು ‘ಇಷ್ಟು ವೇಗಕ್ಕೆ ಇಷ್ಟು ಎತ್ತುವ ಬಲ’ ಎಂದು ಮೊದಲೇ ಬರೆದಿಟ್ಟ ಕೋಷ್ಟಕ ನೋಡಿಕೊಂಡು ವಿಮಾನ ಓಡಿಸುತ್ತವೆ. ಎಕ್ಸ್-ಪ್ಲೇನ್ ರೆಕ್ಕೆಯನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯ ಮೇಲೂ ಗಾಳಿ ಎಷ್ಟು ಒತ್ತುತ್ತಿದೆ ಎಂದು ಸೆಕೆಂಡಿಗೆ ಹಲವು ಸಲ ಲೆಕ್ಕ ಹಾಕಿ ಕೂಡುತ್ತದೆ. ಹೀಗಾಗಿ ಸಣ್ಣ ವಿಮಾನವನ್ನು ತೀರ ನಿಧಾನಗೊಳಿಸಿ ಮೂಗೆತ್ತಿಸಿದರೆ ಅದು ಒಂದು ಕಡೆ ಮುಗ್ಗರಿಸುವ ರೀತಿಯಲ್ಲಿ ಒಂದು ನ್ಯಾಯ ಇರುತ್ತದೆ.

ಇನ್ಫೈನೈಟ್ ಫ್ಲೈಟ್ ಮೊದಲಿನಿಂದಲೂ ಫೋನು, ಟ್ಯಾಬ್ಲೆಟ್‌ಗೆಂದೇ ಹುಟ್ಟಿದ್ದು. ಕಂಪ್ಯೂಟರಿನ ಕಡೆ ತಲೆ ಹಾಕಿಲ್ಲ. ಅದರ ಬಲ ವಿಮಾನಕ್ಕಿಂತ ಹೆಚ್ಚಾಗಿ ಸಮಾಜದ್ದು. ಜಗತ್ತಿನ ಯಾವ ಮೂಲೆಯಲ್ಲೋ ಕೂತ ಇನ್ನೊಬ್ಬ ಹವ್ಯಾಸಿ ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ ಸರದಿ ಹಚ್ಚುತ್ತಾನೆ. ಕಟ್ಟುನಿಟ್ಟಿನ ಸರ್ವರ್‌ಗಳಲ್ಲಿ ಹತ್ತು ಸಾವಿರ ಅಡಿಯ ಕೆಳಗೆ 250 ನಾಟ್ ವೇಗ ಮೀರಿದರೆ ದಂಡ ಬೀಳುತ್ತದೆ. ರಸ್ತೆಯಲ್ಲಿ ಸಿಗ್ನಲ್ ಹಾರಿಸಿ ಬಂದವರೂ ಇಲ್ಲಿ 245ಕ್ಕೆ ಇಳಿಸಿ ವಿನಯದಿಂದ ಕಾಯುವುದನ್ನು ನೋಡಿದರೆ ಟ್ರಾಫಿಕ್ ಪೊಲೀಸರಿಗೆ ಕಣ್ಣೀರು ಬಂದೀತು. ಮೂರನೆಯದು ಜರ್ಮನಿಯ ಐಪ್ಯಾಕ್ಸ್ ಕಂಪನಿಯ ಏರೋಫ್ಲೈ. ನೋಟ ಚೆಂದ, ಓಟ ನಯ, ಸಾಧಾರಣ ಟ್ಯಾಬ್ಲೆಟ್ ಮೇಲೂ ತಡವರಿಸುವುದು ಕಡಿಮೆ.

ಇವುಗಳಲ್ಲಿ ನಮ್ಮ ಊರುಗಳು ಹೇಗಿವೆ ಎಂಬ ಕುತೂಹಲ ಸಹಜ. ರನ್‌ವೇಗಳು ಇದ್ದೇ ಇರುತ್ತವೆ. ಕಟ್ಟಡಗಳು ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಎಕ್ಸ್-ಪ್ಲೇನ್, ಇನ್ಫೈನೈಟ್ ಫ್ಲೈಟ್ ಎರಡರಲ್ಲೂ ಎಷ್ಟೋ ನಿಲ್ದಾಣಗಳನ್ನು ಬಿಡಿಸಿಕೊಟ್ಟವರು ಸಂಬಳವಿಲ್ಲದ ಸ್ವಯಂಸೇವಕರು. ಯಾರಿಗಾದರೂ ಒಂದೂರಿನ ಮೇಲೆ ಮಮತೆ ಇದ್ದರೆ ಆ ಊರಿನ ನಿಲ್ದಾಣಕ್ಕೆ ಮರ, ಗೋಪುರ, ನಿಂತ ಟ್ರಕ್ಕು ಎಲ್ಲ ಬರುತ್ತವೆ. ಮಮತೆಯವರು ಇನ್ನೂ ಹುಟ್ಟಿರದ ಕಡೆ ಬಯಲಿನ ನಡುವೆ ಒಂದು ಕಪ್ಪು ಪಟ್ಟಿ, ಅಷ್ಟೇ. ಭೂಮಿಯ ಏರುತಗ್ಗು ಮಾತ್ರ ಉಪಗ್ರಹದ ಅಳತೆಯಿಂದ ಬಂದದ್ದು. ಮಂಗಳೂರಿನ ಬಜ್ಪೆಗೆ ಇಳಿಯುವವನಿಗೆ ಗುಡ್ಡದ ನೆತ್ತಿ ಸವರಿ ಮಾಡಿದ 2,450 ಮೀಟರ್ ರನ್‌ವೇ, ಅದರಾಚೆ ಜಾರಿಹೋಗುವ ಕಣಿವೆ ಕಾಣುತ್ತವೆ. ಟೇಬಲ್‌ಟಾಪ್ ರನ್‌ವೇ ಎಂದು ಪತ್ರಿಕೆಯಲ್ಲಿ ಎಷ್ಟು ಸಲ ಓದಿದರೂ ಆಗದ ತಿಳಿವಳಿಕೆ ಒಂದು ಸಲ ತುಸು ಎತ್ತರ ತಪ್ಪಿ ಬಂದಾಗ ಆಗುತ್ತದೆ.

ಇಂಥ ತಿಳಿವಳಿಕೆಯೇ ಈ ಆಪ್‌ಗಳ ನಿಜವಾದ ಫಲ. ವಿಮಾನ ಇಳಿಯುವ ದಾರಿ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರು. ನಾಟ್ ಲೆಕ್ಕದ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂಬುದು ಹೆಚ್ಚುಕಡಿಮೆ ಸಿಗುತ್ತದೆ: 140 ನಾಟ್‌ಗೆ 700 ಅಡಿ. ರನ್‌ವೇ ಪಕ್ಕದ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಬಿಳಿಯಾದರೆ ಎತ್ತರ ಹೆಚ್ಚು. ನಾಲ್ಕೂ ಕೆಂಪಾದರೆ ದೇವರೇ ಗತಿ. ಪುಸ್ತಕದಲ್ಲಿ ಓದಿದರೆ ಇವು ಬಾಯಿಪಾಠ. ಹತ್ತು ಸಂಜೆ ಟ್ಯಾಬ್ಲೆಟ್ ಹಿಡಿದು ಕೂತವನಿಗೆ ಕಣ್ಣಿನ ಅಭ್ಯಾಸ. ಅವನು ಮುಂದೆ ಪ್ರಯಾಣಿಕನಾಗಿ ಕೂತಾಗ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಕರಕರ ಎಂದು ಇಳಿದರೆ ಪಕ್ಕದವರ ಹಾಗೆ ಬೆಚ್ಚುವುದಿಲ್ಲ. ಇನ್ನು ಚಕ್ರ ಬರುತ್ತದೆ ಎಂದು ಕಾಯುತ್ತಾನೆ. ಹಾರುವ ಭಯ ಇರುವವರಿಗೆ ಬೇರೇನೂ ಸಿಗದಿದ್ದರೂ ಇಷ್ಟು ಸಿಕ್ಕರೆ ಕೊಟ್ಟ ದುಡ್ಡು ಬಂದಂತೆ.

ಆಟದಿಂದ ಹಾರಾಟ ಸುಧಾರಿಸುತ್ತದೆಯೇ ಎಂಬುದಕ್ಕೆ ಗಟ್ಟಿ ಸಾಕ್ಷಿ ಇಸ್ರೇಲಿನಿಂದ ಬಂದದ್ದು. ಡೇನಿಯಲ್ ಗೋಫರ್ ಮತ್ತು ಸಂಗಡಿಗರು ಅಲ್ಲಿನ ವಾಯುಪಡೆಯ ತರಬೇತಿ ಹುಡುಗರಿಗೆ ಸ್ಪೇಸ್ ಫೋರ್ಟ್ರೆಸ್ ಎಂಬ ಆಟವನ್ನು ಹತ್ತು ಗಂಟೆ ಆಡಿಸಿದರು. 1994ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಡಿದವರು ಆಡದವರಿಗಿಂತ ನಿಜವಾದ ಹಾರಾಟದಲ್ಲಿ ಮೇಲಾದರು. ವಾಯುಪಡೆ ಆಟವನ್ನು ಪಠ್ಯಕ್ಕೇ ಸೇರಿಸಿಕೊಂಡಿತು. ತಮಾಷೆಯೆಂದರೆ ಆ ಆಟ ವಿಮಾನವನ್ನು ಹೋಲುವುದೇ ಇಲ್ಲ. ಕಪ್ಪು ಪರದೆ, ಗೆರೆಯಲ್ಲಿ ಬಿಡಿಸಿದ ಒಂದು ನೌಕೆ, ಒಂದು ಕೋಟೆ, ಅಡ್ಡ ಬರುವ ಸಿಡಿಮದ್ದುಗಳು. ಅದು ಕಲಿಸಿದ್ದು ಏಕಕಾಲಕ್ಕೆ ನಾಲ್ಕು ಕೆಲಸ ಮೈಮೇಲೆ ಬಿದ್ದಾಗ ಗಮನವನ್ನು ಹಂಚುವುದನ್ನು, ಈ ಗಳಿಗೆಯಲ್ಲಿ ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸುವುದನ್ನು. ಟ್ಯಾಬ್ಲೆಟ್ ಆಪ್‌ನ ಜಾಹೀರಾತುಗಳು ಸೂರ್ಯಾಸ್ತ, ಮಿನುಗುವ ರೆಕ್ಕೆ, ಮೋಡದ ನೆರಳು ತೋರಿಸಿ ಮಾರುತ್ತವೆ. ಕಲಿಕೆಯ ದೃಷ್ಟಿಯಿಂದ ನೋಡಿದರೆ ಆ ಸೂರ್ಯಾಸ್ತ ಬರೀ ಒಗ್ಗರಣೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಕಂಪ್ಯೂಟರ್ ಸಿಮ್ಯುಲೇಟರ್ ಬಗ್ಗೆ 1999ರಲ್ಲಿ ಹೇಳಿದ್ದನ್ನೂ ಇಲ್ಲಿ ಕೇಳಬೇಕು. ಮಾಪಕ ನೋಡಿ ಹಾರುವ ವಿದ್ಯೆಯಲ್ಲಿ ಹೊಸ ಪಾಠವೊಂದನ್ನು ಮೊದಲು ಸಿಮ್ಯುಲೇಟರ್‌ನಲ್ಲಿ ಕಲಿತವರಿಗೆ ವಿಮಾನದಲ್ಲಿ ಹಿಡಿಯುವ ಸಮಯ ಉಳಿಯಿತು. ಕಲಿತಾದ ಪಾಠವನ್ನು ಮತ್ತೆ ತಿದ್ದಲು ಅದು ಅಷ್ಟಾಗಿ ಒದಗಲಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ, 1997ರಲ್ಲಿ, ಅಲ್ಲಿನ ವಾಯುಯಾನ ಆಡಳಿತ ಕಂಪ್ಯೂಟರ್ ಸಾಧನದ ಹತ್ತು ಗಂಟೆಗಳನ್ನು ಇನ್‌ಸ್ಟ್ರುಮೆಂಟ್ ತರಬೇತಿಯ ಲೆಕ್ಕಕ್ಕೆ ಹಿಡಿಯಲು ಒಪ್ಪಿತ್ತು. ಆದರೆ ಷರತ್ತು ಇತ್ತು: ಹಿಡಿಯಲು ಯೋಕು ಎಂಬ ನಿಜವಾದ ಹಿಡಿಕೆ, ಎಳೆಯಲು ನಿಜವಾದ ಥ್ರಾಟಲ್, ತುಳಿಯಲು ನಿಜವಾದ ಪೆಡಲು ಇರಬೇಕು. ಗಾಜಿನ ಮೇಲೆ ಬೆರಳಾಡಿಸಿದ ಗಂಟೆಗಳು ಎಲ್ಲೂ ಜಮೆಯಾಗುವುದಿಲ್ಲ.

ಷರತ್ತು ಅಧಿಕಾರಿಗಳ ಹಟದಿಂದ ಬಂದದ್ದಲ್ಲ. ಟ್ರಿಮ್ ಎಂಬ ಸಣ್ಣ ಚಕ್ರವನ್ನೇ ನೋಡಿದರೆ ಸಾಕು. ಸೆಸ್ನಾದಂಥ ನಿಜವಾದ ಸಣ್ಣ ವಿಮಾನದಲ್ಲಿ ವೇಗ ಬದಲಾದರೆ ಯೋಕು ಕೈಯನ್ನು ತಳ್ಳುತ್ತದೆ, ಇಲ್ಲವೆ ಎಳೆಯುತ್ತದೆ. ತೋಳು ಸೋಲುತ್ತದೆ. ಆಗ ಟ್ರಿಮ್ ಚಕ್ರ ತಿರುಗಿಸಿ ಆ ಭಾರವನ್ನು ಇಳಿಸಿಕೊಳ್ಳುತ್ತಾರೆ. ಹೊಸಬರಿಗೆ ಹಾರಾಟ ಹಗುರವಾಗುವುದು ಇದು ಕೈಗೆ ಹತ್ತಿದ ದಿನ. ಟ್ಯಾಬ್ಲೆಟ್ ಓರೆ ಮಾಡಿ ಹಾರಿಸುವವನ ಕೈಗೆ ವಿಮಾನ ಯಾವ ಭಾರವನ್ನೂ ಹೊರಿಸುವುದಿಲ್ಲ; ಇಳಿಸಿಕೊಳ್ಳಲು ಭಾರವೇ ಇಲ್ಲ. ಪರದೆಯಲ್ಲಿ ಟ್ರಿಮ್‌ನ ಗುರುತು ಇರುತ್ತದೆ, ಅದರ ಅರ್ಥ ಇರುವುದಿಲ್ಲ.

ಕಾಲಿನ ಕಥೆಯೂ ಹಾಗೇ. ಪ್ರೊಪೆಲರ್ ವಿಮಾನ ಪೂರ್ಣ ಶಕ್ತಿಯಲ್ಲಿ ಏರುವಾಗ ಮೂಗನ್ನು ಎಡಕ್ಕೆ ಎಳೆಯುತ್ತದೆ. ಬಲಗಾಲು ಅದನ್ನು ತಡೆಯಬೇಕು. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಬಲಗಾಲು ಜೋಮು ಹಿಡಿದಿರುತ್ತದೆ. ಇನ್ನು ನೆಲ ಮುಟ್ಟುವ ಕೊನೆಯ ಕ್ಷಣ. ಹತ್ತು ಹದಿನೈದು ಅಡಿ ಎತ್ತರದಲ್ಲಿ ಮೂಗನ್ನು ಮೆಲ್ಲನೆ ಎತ್ತುವಾಗ ಪೈಲಟ್ ಎತ್ತರ ಅಳೆಯುವುದು ಬಹುಪಾಲು ಕಡೆಗಣ್ಣಿನಿಂದ, ಅಕ್ಕಪಕ್ಕದ ನೆಲ ಅಗಲವಾಗುತ್ತ ಮೇಲೆ ಬರುವ ರೀತಿಯಿಂದ. ಹತ್ತು ಇಂಚಿನ ಪರದೆಗೆ ಕಡೆಗಣ್ಣೇ ಇಲ್ಲ. ಅದಕ್ಕೇ ಟ್ಯಾಬ್ಲೆಟ್ ಶೂರರು ಲ್ಯಾಂಡಿಂಗನ್ನು ಎತ್ತರದ ಅಂಕಿ ನೋಡಿ ಮಾಡುತ್ತಾರೆ. ಸಿಮ್ಯುಲೇಟರ್‌ನಿಂದ ಬಂದ ಶಿಷ್ಯರ ಬಗ್ಗೆ ಹಾರಾಟದ ಗುರುಗಳ ಹಳೆಯ ತಕರಾರೂ ಇದೇ: ಕಣ್ಣು ಸದಾ ಮಾಪಕದ ಮೇಲೆ, ಹೊರಗೆ ನೋಡಯ್ಯಾ ಎಂದರೆ ಕೇಳುವುದಿಲ್ಲ. ಬಿಸಿಲಿನ ದಿನ ಸಣ್ಣ ವಿಮಾನದಲ್ಲಿ ಕಣ್ಣು ಇರಬೇಕಾದದ್ದು ಬಹುಪಾಲು ಹೊರಗೇ. ಎದುರಿನಿಂದ ಇನ್ನೊಂದು ವಿಮಾನ ಬಂದರೆ ಮೊದಲು ಹೇಳುವುದು ಕಿಟಕಿ.

ಮೋಡದೊಳಗೆ ಒಳಕಿವಿ ಆಡುವ ಮೋಸವನ್ನಂತೂ ಯಾವ ಟ್ಯಾಬ್ಲೆಟ್ಟೂ ತೋರಿಸಲಾರದು. ವಿಮಾನ ಬಾಗಿರುವಾಗ ದೇಹ ನೇರ ಎನ್ನುತ್ತದೆ, ನೇರವಾದಾಗ ಬಾಗಿದೆ ಎನ್ನುತ್ತದೆ. ಕೋಟಿಗಟ್ಟಲೆ ಬೆಲೆಯ, ಆರು ಕಾಲುಗಳ ಮೇಲೆ ನಿಂತು ತೂಗುವ ಯಂತ್ರಗಳು ಇರುವುದು ಇದಕ್ಕಾಗಿಯೂ ಹೌದು. ಬೆಂಗಳೂರಿನಲ್ಲೇ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಜೊತೆಗೂಡಿ ಕಟ್ಟಿದ ಹ್ಯಾಟ್ಸಾಫ್ ತರಬೇತಿ ಕೇಂದ್ರದಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳು ಅಂಥ ಯಂತ್ರದೊಳಗೆ ಕೂತು ಬೆವರುತ್ತಾರೆ.

ಪೈಲಟ್ ಮೂರ್ಛೆ ಹೋದರೆ ಮುಂದೆ ನುಗ್ಗುವ ಕನಸಿನವರಿಗೊಂದು ಸುದ್ದಿ. 2022ರ ಮೇ ತಿಂಗಳಲ್ಲಿ ಫ್ಲಾರಿಡಾದ ಆಕಾಶದಲ್ಲಿ ಇದು ನಿಜವಾಗಿಯೇ ನಡೆಯಿತು. ಒಂಟಿ ಎಂಜಿನ್ನಿನ ಸೆಸ್ನಾ ಕ್ಯಾರವಾನ್. ಪೈಲಟ್‌ಗೆ ಪ್ರಜ್ಞೆ ತಪ್ಪಿತು. ಹಾರಾಟ ಗೊತ್ತಿಲ್ಲದ ಪ್ರಯಾಣಿಕ ಯೋಕು ಹಿಡಿದ. ನೆಲದಲ್ಲಿದ್ದ ಕಂಟ್ರೋಲರ್ ರಾಬರ್ಟ್ ಮಾರ್ಗನ್ ಸ್ವತಃ ಹಾರಾಟದ ಬೋಧಕ, ಆದರೆ ಆ ಮಾದರಿ ಹಾರಿಸಿದವರಲ್ಲ. ಕಾಕ್‌ಪಿಟ್‌ನ ಚಿತ್ರವೊಂದನ್ನು ತರಿಸಿ ಮುಂದಿಟ್ಟುಕೊಂಡು, ಶಾಂತವಾಗಿ ಒಂದೊಂದೇ ಹೇಳುತ್ತ ಪಾಮ್ ಬೀಚ್‌ನ ಉದ್ದದ ರನ್‌ವೇಗೆ ಅವನನ್ನು ಇಳಿಸಿದರು. ಯಾವ ಗುಂಡಿ ಎಲ್ಲಿದೆ ಎಂದು ತಿಳಿದಿರುವುದಕ್ಕಿಂತ ಹೇಳಿದ್ದನ್ನು ಕೇಳಿ ಮಾಡುವ ಗುಣ ಅಲ್ಲಿ ದೊಡ್ಡದಾಯಿತು. ಟ್ಯಾಬ್ಲೆಟ್‌ನಲ್ಲಿ ಪಳಗಿದ ನಮ್ಮ ವೀರರು ಕಂಟ್ರೋಲರ್ ಜೊತೆ ವಾದಕ್ಕಿಳಿಯುವ ಅಪಾಯವೇ ಹೆಚ್ಚು.

ದುಡ್ಡಿನ ಮಾತು. ಎಕ್ಸ್-ಪ್ಲೇನ್ ಇಳಿಸಿಕೊಳ್ಳುವುದು ಪುಕ್ಕಟೆ. ಸೆಸ್ನಾ 172ರ ಪಾಠಗಳೂ ಪುಕ್ಕಟೆ. ದೊಡ್ಡ ವಿಮಾನ ಬೇಕೆಂದರೆ ಕೈ ಜೇಬಿಗೆ ಹೋಗಬೇಕು. ಇನ್ಫೈನೈಟ್ ಫ್ಲೈಟ್‌ನಲ್ಲಿ ಇಡೀ ಭೂಮಂಡಲ, ಬೇರೆಯವರ ಸಂಗ, ಬೇಕಾದ ವಿಮಾನಗಳೆಲ್ಲ ಸಿಗಲು ಚಂದಾ ಕಟ್ಟಬೇಕು. ಚಂದಾ ಎಂಬುದು ನಿಧಾನ ವಿಷ. ಮೊದಲ ತಿಂಗಳು ದಿನಾ ಹಾರಾಟ, ಮೂರನೆಯ ತಿಂಗಳು ಭಾನುವಾರ ಮಾತ್ರ, ಆಮೇಲೆ ವಿಮಾನ ಹ್ಯಾಂಗರಿನಲ್ಲಿ, ಬ್ಯಾಂಕಿನಿಂದ ಹಣ ಮಾತ್ರ ತಪ್ಪದೆ ಟೇಕಾಫ್. ರಾತ್ರಿಯಿಡೀ ಓಡಿಸಿದರೆ ಹಳೆಯ ಟ್ಯಾಬ್ಲೆಟ್ ಹಂಚಿನ ಹಾಗೆ ಕಾಯುತ್ತದೆ, ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಆ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಈಗಾಗಲೇ ಟ್ಯಾಬ್ಲೆಟ್ ಇದ್ದವರು ಆಪ್‌ಗೆ ನಾಲ್ಕು ಕಾಸು ಹಾಕುವುದು ಬುದ್ಧಿವಂತಿಕೆಯೇ. ಇದಕ್ಕಾಗಿಯೇ ದುಬಾರಿ ಟ್ಯಾಬ್ಲೆಟ್ ಕೊಳ್ಳಹೊರಟವರು ಅದೇ ಹಣಕ್ಕೆ ಒಂದು ಸಾಧಾರಣ ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್ ಬರುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಮೈಕ್ರೋಸಾಫ್ಟ್‌ನ 2020ರ ಫ್ಲೈಟ್ ಸಿಮ್ಯುಲೇಟರ್ ತನ್ನ ನೆಲದ ಚಿತ್ರಗಳನ್ನು ಎರಡು ಪೆಟಾಬೈಟ್ ದತ್ತಾಂಶದ ಕಣಜದಿಂದ ಇಂಟರ್ನೆಟ್ ಮೂಲಕ ತರಿಸಿಕೊಳ್ಳುತ್ತದೆ. ಟ್ಯಾಬ್ಲೆಟ್ ಆಪ್‌ಗಳನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ಹೋಲಿಸುವುದು ಅನ್ಯಾಯ.

ಪೈಲಟ್ ಆಗಹೊರಟ ಮಗಳ ಅಪ್ಪನ ಲೆಕ್ಕವೇ ಬೇರೆ. ನಮ್ಮಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಬೇಕು, ಎಲ್ಲಕ್ಕೂ ಮೊದಲು ವಿಮಾನಯಾನ ನಿಯಂತ್ರಕ ಡಿಜಿಸಿಎ ನೇಮಿಸಿದ ವೈದ್ಯರಿಂದ ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ಖರ್ಚು ಹತ್ತಾರು ಲಕ್ಷ. ಕಣ್ಣು, ಕಿವಿ, ಹೃದಯದ ಪರೀಕ್ಷೆ ಮುಗಿಯುವ ಮೊದಲೇ ಕಾಲೇಜಿಗೆ ಮುಂಗಡ ಕಟ್ಟಿ ಪೇಚಾಡುವವರಿಗೆ ಹೋಲಿಸಿದರೆ ಆಪ್‌ನ ಬೆಲೆ ಏನೂ ಅಲ್ಲ. ಅದರಿಂದ ಅವಳ ಲಾಗ್‌ಬುಕ್ಕಿಗೆ ಒಂದು ನಿಮಿಷವೂ ಸೇರದು. ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ರನ್‌ವೇ ಆರಿಸುವುದು, ಇಳಿಯುವ ಮೊದಲಿನ ಪಟ್ಟಿಯನ್ನು ಬಾಯಲ್ಲಿ ಹೇಳಿಕೊಳ್ಳುವುದು, ತಪ್ಪಿದರೆ ನಾಚಿಕೊಳ್ಳದೆ ಮತ್ತೊಂದು ಸುತ್ತು ಹೊಡೆಯುವುದು ಇಂಥವೆಲ್ಲ ಅವಳಿಗೆ ಬೇಸರ ತರುತ್ತವೆಯೋ ರುಚಿಸುತ್ತವೆಯೋ ಎಂಬುದು ಒಂದೆರಡು ತಿಂಗಳಲ್ಲಿ ಗೊತ್ತಾಗುತ್ತದೆ. ಅವಳು ಸೂರ್ಯಾಸ್ತದ ಚಿತ್ರ ತೆಗೆದು ಗೆಳತಿಯರಿಗೆ ಕಳಿಸಿ ಸುಮ್ಮನಾದರೆ ಅಪ್ಪನಿಗೆ ಒಂದು ಉತ್ತರ. ಬಜ್ಪೆಯಲ್ಲಿ ಅಡ್ಡಗಾಳಿ ಇಟ್ಟುಕೊಂಡು ಊಟಕ್ಕೆ ಕರೆದರೂ ಏಳದೆ ಅದೇ ಲ್ಯಾಂಡಿಂಗನ್ನು ತಿದ್ದುತ್ತಿದ್ದರೆ ಅಪ್ಪ ವೈದ್ಯಕೀಯ ಪರೀಕ್ಷೆಯ ಅರ್ಜಿ ಹುಡುಕಬಹುದು.